ಹಸಿ ಗಾಳಿಯಲ್ಲಿ ಸೊನ್ನೆ ತೋರಿಸಿದ ಮೀಟರ್

ಫೈಲು ತೆರೆದಾಗ ಗೆರೆ ನೇರವಾಗಿತ್ತು. ಬೆಳಿಗ್ಗೆ ಆರಕ್ಕೆ ಸೊನ್ನೆ, ಎಂಟಕ್ಕೆ ಸೊನ್ನೆ, ಹತ್ತಕ್ಕೂ ಸೊನ್ನೆ. ಹಿಂದಿನ ದಿನವೂ ಹಾಗೇ, ಅದರ ಹಿಂದಿನ ದಿನವೂ ಹಾಗೇ. ಕೆಂಗೇರಿಯ ಒಂದು ಅಪಾರ್ಟ್‌ಮೆಂಟಿನ ಕೊಳಚೆ ನೀರಿನ ಸಂಪಿನೊಳಗೆ ನಾವು ಇಳಿಬಿಟ್ಟಿದ್ದ ಮೀಟರ್, ಹನ್ನೊಂದು ದಿನಗಳಿಂದ, ಅಲ್ಲಿ ವಿಷಾನಿಲ ಒಂದಿಷ್ಟೂ ಇಲ್ಲ ಎಂದು ಹೇಳುತ್ತಿತ್ತು.

ನಮ್ಮ ಸಾರ್ ಹಿಂದಿನಿಂದ ಬಗ್ಗಿ ನೋಡಿದರು. "ಎಷ್ಟು ಸ್ಟೇಬಲ್ ಆಗಿದೆ ನೋಡಮ್ಮ! ಗ್ರಾಂಟ್ ಕೊಡೋರ ರಿವ್ಯೂಗೆ ಈ ಗ್ರಾಫೇ ಇಡೋಣ."

ಸಾರ್ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಆರು ಜನರ ನಮ್ಮ ಪುಟ್ಟ ಕಂಪನಿಯನ್ನು ಕಟ್ಟಿದವರೂ ಅವರೇ. ಅವರ ಮುಖದಲ್ಲಿ ಬಹಳ ದಿನಗಳ ಮೇಲೆ ನಗು ಕಂಡಿತ್ತು. ನಾನೂ ನಕ್ಕೆ. ಆದರೆ ಮೀಟರ್ ಹಾಕಿದ ಫೆಬ್ರವರಿಯ ಗ್ರಾಫುಗಳು ನನ್ನ ಕಣ್ಣಲ್ಲಿದ್ದವು. ಆಗ ಪ್ರತಿ ಬೆಳಿಗ್ಗೆ, ಜನ ಸ್ನಾನ ಮಾಡಿ ನೀರು ಸಂಪಿಗೆ ನುಗ್ಗುವ ಹೊತ್ತಿಗೆ, ಗೆರೆ ಸಣ್ಣ ದಿಬ್ಬದ ಹಾಗೆ ಏರಿ ಇಳಿಯುತ್ತಿತ್ತು. ಈಗ ದಿಬ್ಬವೇ ಇಲ್ಲ. ಕೊಳಚೆ ಗುಂಡಿ ಅಷ್ಟೊಂದು ಶುದ್ಧವಾಗಿ ಇರಲಾರದು.

ನಮ್ಮ ಕೆಲಸ ನಡೆಯುತ್ತಿದ್ದದ್ದು ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ. ಕೆಳಗಡೆ ರಬ್ಬರ್ ವಾಷರ್ ಕತ್ತರಿಸುವ ಪ್ರೆಸ್ಸು. ಅದು ಓಡುವಾಗ ನಮ್ಮ ಮೈಕ್ರೋಸ್ಕೋಪ್ ನಡುಗುತ್ತಿತ್ತು, ಹಾಗಾಗಿ ಸೂಕ್ಷ್ಮ ಕೆಲಸವನ್ನೆಲ್ಲ ಅವರ ಊಟದ ಹೊತ್ತಿಗೆ ಇಟ್ಟುಕೊಳ್ಳುತ್ತಿದ್ದೆವು. ನಮ್ಮ ಸರಕು ಮಾಲಿಬ್ಡಿನಂ ಡೈಸಲ್ಫೈಡ್ ಎಂಬ ಅರೆವಾಹಕದ ಒಂದೇ ಒಂದು ಪದರ. ಅದರ ದಪ್ಪ ಮೂರು ಪರಮಾಣುಗಳಷ್ಟು. ಮೈಕ್ರೋಸ್ಕೋಪಿನಲ್ಲಿ ತೆಳುನೀಲಿ ತ್ರಿಕೋನವಾಗಿ ಕಾಣುತ್ತದೆ, ಅದೂ ಬೆಳಕನ್ನು ಸರಿಯಾಗಿ ಹೊಂದಿಸಿದರೆ ಮಾತ್ರ. ಅದನ್ನು ಸಿಲಿಕಾನ್ ಚಿಪ್ಪಿನ ಮೇಲೆ ಕೂರಿಸಿ, ಎರಡು ಬದಿಗೆ ಚಿನ್ನದ ಸಂಪರ್ಕ ಕೊಟ್ಟು, ಹರಿಯುವ ಕರೆಂಟನ್ನು ಅಳೆಯುವುದು ನನ್ನ ಕೆಲಸ.

ದಪ್ಪ ಸಿಲಿಕಾನ್ ತುಂಡಿನಲ್ಲಿ ಕರೆಂಟು ಒಳಗೆಲ್ಲೋ ಹರಿಯುತ್ತದೆ. ಹೊರಗೆ ಮಳೆಯೋ ಬಿಸಿಲೋ ಅದಕ್ಕೆ ಬೇಕಿಲ್ಲ. ಈ ಪದರಕ್ಕೆ ಒಳಗು ಎಂಬುದೇ ಇಲ್ಲ. ಇರುವ ಪರಮಾಣುಗಳು ಹೆಚ್ಚುಕಡಿಮೆ ಎಲ್ಲವೂ ಮೇಲಿನ ಗಾಳಿಗೋ ಕೆಳಗಿನ ತಳಕ್ಕೋ ತಾಗಿಕೊಂಡೇ ಇರುತ್ತವೆ. ತಳ ಬದಲಾಯಿಸಿದರೆ ಅದೇ ತ್ರಿಕೋನ ಬೇರೆ ಕರೆಂಟು ಕೊಡುತ್ತದೆ. ನಿರ್ವಾತದಲ್ಲಿಟ್ಟು ಇನ್ನೂರು ಡಿಗ್ರಿಗೆ ಬಿಸಿ ಮಾಡಿದರೆ ಅಂಟಿಕೊಂಡಿದ್ದ ನೀರೆಲ್ಲ ಹೋಗಿ ಕರೆಂಟು ಎಷ್ಟೋ ಪಟ್ಟು ಏರುತ್ತದೆ. ಕಿಟಕಿ ತೆರೆದರೆ ಮತ್ತೆ ಇಳಿಯುತ್ತದೆ. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಂದು ಕೂತರೆ ನಮ್ಮ ಪದರದಲ್ಲಿ ಕರೆಂಟು ಏರುತ್ತಿತ್ತು. ಏರಿಕೆ ಎಷ್ಟೆಂದು ಅಳೆದರೆ ಅನಿಲ ಎಷ್ಟೆಂದು ಗೊತ್ತಾಗುತ್ತದೆ. ಸಂಪುಗಳಲ್ಲಿ ಜನರನ್ನು ಕೊಲ್ಲುವ ಅನಿಲ ಅದು. ಅದಕ್ಕೊಂದು ಅಗ್ಗದ ಮೀಟರ್ ಮಾಡಬೇಕೆಂದೇ ನಾವು ಹೊರಟಿದ್ದೆವು.

ಒಣ ಸಿಲಿಂಡರ್ ಅನಿಲ ಹಾಯಿಸಿ ಮೀಟರಿನ ಅಳತೆ ಹೊಂದಿಸಿದ್ದೆ. ಬರೀ ತೇವದ ಗಾಳಿ ಹಾಯಿಸಿ ಬೇರೆಯಾಗಿಯೂ ಪರೀಕ್ಷಿಸಿದ್ದೆ. ಎರಡನ್ನೂ ಒಟ್ಟಿಗೆ ಹಾಯಿಸಿ ನೋಡಿರಲಿಲ್ಲ. ಯಾಕೆ ನೋಡಲಿಲ್ಲ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಪಟ್ಟಿಯಲ್ಲಿ ಎರಡು ಪರೀಕ್ಷೆ ಇತ್ತು, ಎರಡಕ್ಕೂ ಟಿಕ್ ಹಾಕಿದ್ದೆ.

ಆವತ್ತು ಕೆಳಗಿನ ಪ್ರೆಸ್ಸು ನಿಲ್ಲುವವರೆಗೂ ಕಾಯಲಿಲ್ಲ. ಸಂಪಿನಲ್ಲಿದ್ದ ಚಿಪ್ಪಿನ ಜೊತೆಯಲ್ಲೇ ತಯಾರಾದ ಇನ್ನೊಂದು ಚಿಪ್ಪನ್ನು ಲ್ಯಾಬಿನ ಮೀಟರಿಗೆ ಜೋಡಿಸಿ ಪರೀಕ್ಷೆಯ ಪೆಟ್ಟಿಗೆಯೊಳಗೆ ಇಟ್ಟೆ. ಸಿಲಿಂಡರಿನ ಕೊಳವೆಯನ್ನು ಉಗುರುಬೆಚ್ಚಗಿನ ನೀರಿದ್ದ ಫ್ಲಾಸ್ಕಿನ ಗಾಳಿಯ ಜೊತೆ ಸೇರಿಸಿ, ಒದ್ದೆ ಅನಿಲವನ್ನು ಚಿಪ್ಪಿನ ಮೇಲೆ ಬಿಟ್ಟೆ. ಮನುಷ್ಯನನ್ನು ಬೀಳಿಸುವಷ್ಟು ಅನಿಲ ಹರಿಯುತ್ತಿತ್ತು. ಕರೆಂಟು ಏರಬೇಕಿತ್ತು. ಅದು ಮೆಲ್ಲಗೆ ಇಳಿಯಿತು. ನೀರಿನ ಅಣುಗಳು ಪದರದಿಂದ ಎಲೆಕ್ಟ್ರಾನುಗಳನ್ನು ಎಳೆದುಕೊಳ್ಳುತ್ತಿದ್ದವು. ಅನಿಲ ಕೊಟ್ಟದ್ದನ್ನೆಲ್ಲ ನೀರು ಕಸಿದುಕೊಂಡು, ಇನ್ನಷ್ಟನ್ನೂ ಕಸಿದಿತ್ತು. ಲೆಕ್ಕದ ಪ್ರಕಾರ ಮೀಟರ್ ಮೈನಸ್ ತೋರಿಸಬೇಕು.

ಮೀಟರ್ ಸೊನ್ನೆ ತೋರಿಸಿತು. ಹಸಿರು ದೀಪ ಉರಿಯುತ್ತಿತ್ತು.

ಆ ಸೊನ್ನೆ ನನ್ನದೇ. ಜನವರಿಯಲ್ಲಿ ಯಾರೋ ಅತಿಥಿಗಳು ಬಂದಾಗ ಮೀಟರ್ ಮೈನಸ್ ತೋರಿಸಿ ಸಾರ್‌ಗೆ ಮುಜುಗರವಾಗಿತ್ತು. "ಮೈನಸ್ ಬಂದ್ರೆ ಜನ ನಂಬಲ್ಲ ಕಣಮ್ಮ, ಏನಾದ್ರೂ ಮಾಡು" ಎಂದಿದ್ದರು. ಸೊನ್ನೆಗಿಂತ ಕಡಿಮೆ ಇದ್ದರೆ ಸೊನ್ನೆ ಎಂದೇ ತೋರಿಸು ಎಂದು ಸಾಫ್ಟ್‌ವೇರಿನಲ್ಲಿ ಒಂದು ಸಾಲು ಬರೆದಿದ್ದೆ. ಎರಡು ನಿಮಿಷದ ಕೆಲಸ.

ಆಗ ನೆನಪಾದದ್ದು ಕೆಂಗೇರಿಯ ಆಪರೇಟರ್.

ಅವರಿಗೆ ಐವತ್ತರ ಸುಮಾರು. ಆ ಸುತ್ತಲಿನ ಹಳೇ ಊರಿನವರೇ. ನೆಲಮಾಳಿಗೆಯ ಶುದ್ಧೀಕರಣ ಘಟಕವನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು. ಸಂಪಿಗೆ ಯಾರೂ ಇಳಿಯಬಾರದೆಂದು ಗೋಡೆ ಮೇಲೆ ಬೋರ್ಡಿತ್ತು. ಆದರೆ ಪಂಪಿಗೆ ಬಟ್ಟೆಯೋ ಡೈಪರೋ ಸಿಕ್ಕಿಕೊಂಡರೆ ರಿಪೇರಿಯವರು ಬರಲು ಎರಡು ದಿನ, ಅಷ್ಟರಲ್ಲಿ ಕೆಳಮಹಡಿಯವರ ಬಚ್ಚಲಲ್ಲಿ ನೀರು ಮೇಲೆ ಬರುತ್ತಿತ್ತು. ಮೀಟರ್ ಹಾಕಿದ ದಿನ ಅವರು ಕೇಳಿದ್ದರು, "ಈ ಹಸಿರು ದೀಪ ಏನ್ ಮೇಡಂ?" ನಾನು ಹೇಳಿದ್ದೆ, "ಹಸಿರು ಇದ್ರೆ ಗ್ಯಾಸ್ ಇಲ್ಲ ಅಂತ ಅರ್ಥ ಅಣ್ಣ."

ಫೋನ್ ಮಾಡಿದೆ. ರಿಂಗ್ ಆಗಿ ನಿಂತಿತು. ಮತ್ತೆ ಮಾಡಿದೆ. ನಾಲ್ಕನೇ ಸಲಕ್ಕೆ ಬಿಟ್ಟು ಗೇಟಿನ ಸೆಕ್ಯುರಿಟಿಯ ನಂಬರಿಗೆ ಮಾಡಿದೆ.

"ಆಪರೇಟರ್ ಕೆಳಗಡೆ ಇದಾರೆ ಮೇಡಂ. ಪಂಪ್ ಜಾಮ್ ಆಗಿದೆ ಅಂತ ಬೆಳಿಗ್ಗೆಯಿಂದ ಒದ್ದಾಡ್ತಾ ಇದಾರೆ."

"ಅವರನ್ನ ಸಂಪ್‌ಗೆ ಇಳಿಯೋಕೆ ಬಿಡ್ಬೇಡಿ. ಈಗ್ಲೇ ಓಡಿ."

"ಗೇಟ್ ಬಿಟ್ಟು ಹೋದ್ರೆ ಸೆಕ್ರೆಟರಿ ಬೈತಾರೆ ಮೇಡಂ."

"ಬೈಸ್ಕೊಳ್ಳಿ. ನಮ್ಮ ಮೀಟರ್ ತಪ್ಪು ತೋರಿಸ್ತಿದೆ. ಮತ್ತೆ ಕೇಳಿ ಇಲ್ಲಿ, ಅವರು ಒಳಗೆ ಬಿದ್ದಿದ್ರೆ ನೀವು ಇಳೀಬೇಡಿ. ಯಾರನ್ನೂ ಇಳಿಸ್ಬೇಡಿ. ಫೈರ್ ಸರ್ವೀಸ್‌ಗೆ ಫೋನ್ ಮಾಡಿ."

ಯಾರನ್ನೂ ಇಳಿಸಬೇಡಿ ಎಂಬ ಮಾತು ನನ್ನ ಬಾಯಿಂದ ಬಂದದ್ದು ನನಗೇ ಕೇಳಿಸಿತು. ಬಿದ್ದವರನ್ನು ಎತ್ತಲು ಇಳಿದವರೂ ಬೀಳುತ್ತಾರೆ, ಅದು ಗೊತ್ತಿದ್ದೇ ಹೇಳಿದೆ. ಆದರೆ ಹಾಗೆ ಹೇಳುವಾಗ, ಆ ಮನುಷ್ಯನನ್ನು ಅಲ್ಲೇ ಬಿಡಿ ಎಂದು ಹೇಳಿದ ಹಾಗಾಯಿತು.

ಸಾರ್ ಬಾಗಿಲಲ್ಲಿ ನಿಂತಿದ್ದರು. "ಏನಾಯ್ತಮ್ಮ?"

"ಸಾರ್, ತೇವ ಇದ್ರೆ ನಮ್ಮ ಮೀಟರ್ ಗ್ಯಾಸ್ ನೋಡಲ್ಲ. ಕೆಂಗೇರಿಗೆ ಹೋಗ್ತಾ ಇದೀನಿ."

ಸಿಲಿಂಡರ್ ಕೋಣೆಯ ಗೋಡೆಯಲ್ಲಿ ನೇತುಹಾಕಿದ್ದ, ಅಂಗಡಿಯಿಂದ ಕೊಂಡ ಗ್ಯಾಸ್ ಮೀಟರನ್ನು ಕಿತ್ತು ಬ್ಯಾಗಿಗೆ ಹಾಕಿಕೊಂಡು ಮೆಟ್ಟಿಲಿಳಿದೆ.

ಆಟೋದವನಿಗೆ ವಿಜಯನಗರ ಮೆಟ್ರೋ ಎಂದೆ. ಜೂನ್ ತಿಂಗಳು, ಬೆಳಿಗ್ಗೆಯಿಂದ ತುಂತುರು. ಮಾಗಡಿ ರಸ್ತೆಯ ಸಿಗ್ನಲ್ ಹತ್ತಿರ ಎಲ್ಲವೂ ನಿಂತಿತ್ತು. "ಅಣ್ಣ, ಸ್ವಲ್ಪ ಬೇಗ" ಎಂದರೆ ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿ, ಏನೂ ಕೇಳದೆ, ಒಳ ಗಲ್ಲಿಯೊಂದಕ್ಕೆ ತಿರುಗಿಸಿದ. ರೈಲು ಹತ್ತಿದಾಗ ಸೆಕ್ಯುರಿಟಿಗೆ ಮತ್ತೆ ಫೋನ್ ಮಾಡಿದೆ. ಎತ್ತಲಿಲ್ಲ. ನೆಲಮಾಳಿಗೆಯಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅತ್ತಿಗುಪ್ಪೆ ಬಂತು, ದೀಪಾಂಜಲಿ ನಗರ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೊಪ್ಪು ಬಿಡಿಸುತ್ತಿದ್ದರು. ನಾಯಂಡಹಳ್ಳಿ ದಾಟುವಾಗ ಕೆಳಗೆ ವೃಷಭಾವತಿ ಬೆಳ್ಳಗೆ ನೊರೆ ಕಟ್ಟಿಕೊಂಡು ಹರಿಯುತ್ತಿತ್ತು. ಗಾಜು ಮುಚ್ಚಿದ ಬೋಗಿಯೊಳಗೂ ಅದರ ವಾಸನೆ ಬಂದ ಹಾಗನ್ನಿಸಿ ಮೂಗು ಮುಚ್ಚಿಕೊಂಡೆ.

ಬ್ಯಾಗಿನಲ್ಲಿದ್ದ ಅಂಗಡಿಯ ಮೀಟರ್ ತೊಡೆಯ ಮೇಲೆ ಭಾರವಾಗಿತ್ತು. ನಮ್ಮ ಜೀವದ ರಕ್ಷಣೆಗೆ ಅದನ್ನು ಕೊಂಡು ತಂದಿದ್ದೆವು. ಆಪರೇಟರಿಗೆ ಮಾತ್ರ ನಾವೇ ಮಾಡಿದ್ದನ್ನು ಕೊಟ್ಟಿದ್ದೆವು. ಫೆಬ್ರವರಿಯಲ್ಲಿ ನಾಲ್ಕು ದಿನ ಎರಡನ್ನೂ ಅಕ್ಕಪಕ್ಕ ಇಟ್ಟು, ಅಳತೆ ಹೊಂದುತ್ತದೆ ಎಂದು ಬರೆದುಕೊಂಡು, ಅಂಗಡಿಯದನ್ನು ವಾಪಸು ತಂದಿದ್ದೆ. ಆಗ ನನಗೆ ಅದರಲ್ಲಿ ಏನೂ ತಪ್ಪು ಕಂಡಿರಲಿಲ್ಲ.

ಜ್ಞಾನಭಾರತಿ ದಾಟಿದ ಮೇಲೆ ಫೋನ್ ಬಂತು. ಸೆಕ್ಯುರಿಟಿ ಇಷ್ಟು ಹೊತ್ತೂ ಕೆಳಗೇ, ಸಿಗ್ನಲ್ ಇಲ್ಲದ ಕಡೆ ಇದ್ದನಂತೆ.

"ಇಳಿದಿರ್ಲಿಲ್ಲ ಮೇಡಂ. ಒಂದು ಕಾಲು ಏಣಿ ಮೇಲಿತ್ತು. ಕೂಗಿದೆ. ಈಗ ಮೇಲೆ ಬಂದಿದಾರೆ, ನನ್ನ ಮೇಲೆ ರೇಗ್ತಾ ಇದಾರೆ."

ತೊಡೆಯ ಮೇಲಿದ್ದ ಬ್ಯಾಗಿಗೆ ಹಣೆ ಊರಿದೆ. ಸೊಪ್ಪಿನ ಹೆಂಗಸು ನನ್ನ ಮೊಣಕೈ ಹಿಡಿದು, "ಯಾಕಮ್ಮ, ನೀರು ಬೇಕಾ?" ಎಂದರು.

ನಾನು ತಲುಪಿದಾಗ ಆಪರೇಟರ್ ಸಂಪಿನ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಪ್ಯಾಂಟು ಮೊಣಕಾಲವರೆಗೆ ಮಡಚಿತ್ತು.

"ಏನ್ ಮೇಡಂ ಇದು? ಕೆಳಗಿನ ಮನೆಯವ್ರೆಲ್ಲ ಬಾಯಿಗೆ ಬಂದಂಗೆ ಬೈತಿದಾರೆ. ಹಸಿರೇ ಇದೆ ನೋಡಿ. ನೀವೇ ಹೇಳಿದ್ದು ಹಸಿರು ಇದ್ರೆ ಏನೂ ಆಗಲ್ಲ ಅಂತ."

"ಎಕ್ಸಾಸ್ಟ್ ಫ್ಯಾನ್ ಯಾಕೆ ನಿಂತಿದೆ ಅಣ್ಣ?"

"ಅದು ಸುಟ್ಟೋಗಿ ಹತ್ತು ಹನ್ನೆರಡು ದಿನ ಆಯ್ತು. ಹೇಳಿದೀನಿ ಆಫೀಸಿಗೆ."

ಆಗ ಎಲ್ಲ ಕೂಡಿಕೊಂಡಿತು. ಫೆಬ್ರವರಿಯಲ್ಲಿ ಆ ಫ್ಯಾನ್ ಹೊರಗಿನ ಒಣ ಗಾಳಿಯನ್ನು ಸಂಪಿನ ಬಾಯಿಗೆ ಎಳೆಯುತ್ತಿತ್ತು. ನಮ್ಮ ಪದರ ಆ ಗಾಳಿಯಲ್ಲಿ ಬದುಕಿತ್ತು. ಫ್ಯಾನ್ ನಿಂತ ಮೇಲೆ ಅನಿಲವೂ ಕೂಡಿತು, ಹಬೆಯೂ ಕೂಡಿತು. ಹೊರಗೆ ಮಳೆ ಬೇರೆ. ಅಪಾಯ ಹೆಚ್ಚಾದ ದಿನದಿಂದಲೇ ಮೀಟರ್ ಕುರುಡಾಗಿತ್ತು.

ಅಂಗಡಿಯ ಮೀಟರನ್ನು ಹಗ್ಗಕ್ಕೆ ಕಟ್ಟಿ, ಬಾಯಿಯಿಂದ ದೂರ ನಿಂತು, ಮೆಲ್ಲಗೆ ಇಳಿಬಿಟ್ಟೆ. ಅದು ಅರ್ಧಕ್ಕೂ ಇಳಿದಿರಲಿಲ್ಲ, ಕಿರುಚಲು ಶುರುಮಾಡಿತು. ನೆಲಮಾಳಿಗೆಯ ಗೋಡೆಗಳಿಗೆ ಬಡಿದು ಆ ಕಿರುಚಾಟ ಇಮ್ಮಡಿಯಾಯಿತು. ಮೇಲೆತ್ತಿ ಅಂಕಿ ನೋಡಿದೆ. ಜೀವಕ್ಕೆ ಅಪಾಯವೆಂದು ಓದಿದ್ದ ಮಿತಿಯನ್ನು ಅದು ದಾಟಿತ್ತು. ಗೋಡೆಗೆ ಹಾಕಿದ್ದ ನಮ್ಮ ಮೀಟರಿನ ಡಬ್ಬಿಯಲ್ಲಿ ದೀಪ ಹಸಿರಾಗಿಯೇ ಇತ್ತು. ಸೊನ್ನೆ.

ಆಪರೇಟರ್ ಒಮ್ಮೆ ಅದನ್ನು ನೋಡಿದರು, ಒಮ್ಮೆ ಇದನ್ನು. ಮುಚ್ಚಳ ಹಾಕಿ, ಸೆಕ್ಯುರಿಟಿಯೂ ಸೇರಿ ಮೂವರೂ ಮೇಲಿನ ಬಯಲಿಗೆ ಬಂದೆವು. ಅವರು ನಲ್ಲಿಯ ಹತ್ತಿರ ಹೋಗಿ ಕೈಕಾಲು ಮುಖ ತೊಳೆದರು. ತೊಳೆಯುತ್ತಲೇ ಇದ್ದರು.

ಅಲ್ಲೇ ನಿಂತು ನಾನು ಇನ್ನೊಂದು ಕೆಲಸ ಮಾಡಿದೆ. ಅನ್ನಪೂರ್ಣೇಶ್ವರಿ ನಗರದಲ್ಲೂ ನಂದಿನಿ ಲೇಔಟ್‌ನಲ್ಲೂ ನಮ್ಮ ಒಂದೊಂದು ಮೀಟರ್ ಇತ್ತು. ಸಾರ್‌ನ ಕೇಳಿದರೆ, ಸಂಜೆ ಕೂತು ಮಾತಾಡೋಣ ಎನ್ನುತ್ತಾರೆ ಎಂದು ಗೊತ್ತಿತ್ತು. ಕೇಳಲಿಲ್ಲ. ಎರಡೂ ಕಡೆ ನಾನೇ ಫೋನ್ ಮಾಡಿ, "ಮೀಟರಿನ ವೈರ್ ಕಿತ್ತು ಹಾಕಿ. ದೀಪ ಉರೀಲೇಬಾರ್ದು. ಯಾರೂ ಇಳೀಬೇಡಿ" ಎಂದೆ. ಆಮೇಲೆ ಸಾರ್‌ಗೆ ಫೋನ್ ಮಾಡಿ ಮಾಡಿದ್ದನ್ನು ಹೇಳಿದೆ.

"ನನ್ನ ಒಂದ್ಮಾತು ಕೇಳ್ಬೋದಿತ್ತು" ಎಂದರು.

"ಕೇಳಿದ್ರೆ ನೀವು ಬೇಡ ಅಂತಿದ್ರೇನೋ ಅಂತ ಭಯ ಆಯ್ತು ಸಾರ್."

"ಅಂತಿದ್ನೇನೋ" ಎಂದು ಇಟ್ಟುಬಿಟ್ಟರು.

ರಿವ್ಯೂಗೆ ಮೂರು ವಾರವಿತ್ತು. ಆ ಮೂರು ವಾರ ನಾನು ಆರ್‌ಪಿಸಿ ಲೇಔಟ್‌ನ ಮನೆಗೆ ನಿದ್ದೆಗಷ್ಟೇ ಹೋಗಿಬರುತ್ತಿದ್ದೆ. ಸಾರ್‌ಗೆ ಒಂದು ಉಪಾಯವಿತ್ತು: ಪಕ್ಕದಲ್ಲಿ ತೇವ ಅಳೆಯುವ ಸೆನ್ಸರ್ ಇಟ್ಟು, ತೇವದಿಂದ ಎಷ್ಟು ಇಳಿಯಿತೋ ಅಷ್ಟನ್ನು ಲೆಕ್ಕದಲ್ಲಿ ಕೂಡಿಸುವುದು. ಮಾಡಿ ನೋಡಿದೆ. ಗಾಳಿ ಒದ್ದೆಯಾಗುತ್ತಾ ಹೋಗುವಾಗ ಒಂದು ಕರೆಂಟು, ಒಣಗುತ್ತಾ ಬರುವಾಗ ಅದೇ ತೇವಕ್ಕೆ ಇನ್ನೊಂದು. ನೀರು ಪದರದ ಮೇಲಷ್ಟೇ ಕೂರುತ್ತಿರಲಿಲ್ಲ, ಅಂಚಿನಿಂದ ನುಸುಳಿ ಪದರಕ್ಕೂ ತಳಕ್ಕೂ ನಡುವೆ ಸೇರಿಕೊಂಡು ದಿನಗಟ್ಟಲೆ ಉಳಿಯುತ್ತಿತ್ತು. ಒಂದು ಚಿಪ್ಪಿನ ಲೆಕ್ಕ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ.

ಮೇಲೆ ಬೋರಾನ್ ನೈಟ್ರೈಡ್ ಹೊದಿಸಿದೆ. ಅದೂ ತೆಳು ಹರಳೇ, ಆದರೆ ಕರೆಂಟು ಹರಿಸದ್ದು. ಹೊದಿಸಿದ ಪದರ ಎಂಥ ಮಳೆಗಾಳಿಗೂ ಜಗ್ಗಲಿಲ್ಲ. ಕರೆಂಟು ಕಲ್ಲಿನ ಹಾಗೆ ಕೂತಿತ್ತು. ಎಂಟು ಗಂಟೆ ಆ ಗೆರೆಯನ್ನು ನೋಡಿ ಖುಷಿಯಾಗಿ ಅನಿಲ ಬಿಟ್ಟೆ. ಅನಿಲಕ್ಕೂ ಜಗ್ಗಲಿಲ್ಲ. ಸುತ್ತಲಿನದನ್ನು ತಡೆದರೆ ಮೀಟರೇ ಅಲ್ಲ, ತಡೆಯದಿದ್ದರೆ ನಂಬುವ ಹಾಗಿಲ್ಲ. ಹೊದಿಸಿದ್ದೊಂದು, ತೆರೆದದ್ದೊಂದು ಅಕ್ಕಪಕ್ಕ ಇಟ್ಟು, ಕೆಳಗೊಂದು ಪುಟ್ಟ ಹೀಟರ್ ಕೊಟ್ಟು, ಎರಡರ ವ್ಯತ್ಯಾಸ ತೆಗೆದಾಗ ಸ್ವಲ್ಪ ದಾರಿ ಕಂಡಿತು. ಆದರೆ ಅದು ವರ್ಷಗಳ ಕೆಲಸ. ಮೂರು ವಾರದ್ದಲ್ಲ.

ಮೈನಸ್ಸನ್ನು ಸೊನ್ನೆ ಮಾಡುವ ಸಾಲನ್ನು ಅಳಿಸಿಹಾಕಿದೆ. ಹಸಿರು ದೀಪವನ್ನೂ ತೆಗೆದೆ. ಇನ್ನು ಮುಂದೆ ನಮ್ಮ ಮೀಟರ್ ಎರಡೇ ಮಾತು ಹೇಳಬೇಕು: ಅಪಾಯ, ಇಲ್ಲವೇ ಗೊತ್ತಿಲ್ಲ. ಒಂದು ಪುಟದ ವರದಿ ಬರೆದು ಸಾರ್ ಮುಂದೆ ಇಟ್ಟೆ. ಈ ಸಾಧನವನ್ನು ಜನರ ಸುರಕ್ಷತೆಗೆ ಬಳಸಬಾರದು, ಪ್ರಯೋಗ ನಿಲ್ಲಿಸಿದ್ದೇವೆ, ತಪ್ಪು ನಮ್ಮದು ಎಂದಿತ್ತು. ಅವರು ಕನ್ನಡಕ ತೆಗೆದು ಒರೆಸಿದರು.

"ಇದು ಕೊಟ್ರೆ ಕಂಪನಿ ಉಳಿಯತ್ತೋ ಇಲ್ವೋ ಗೊತ್ತಿಲ್ಲಮ್ಮ."

"ಗೊತ್ತು ಸಾರ್."

"ಆ ಮನುಷ್ಯ ಇಳಿದಿದ್ರೆ..." ಎಂದರು. ಪೆನ್ನು ತೆಗೆದುಕೊಂಡು ಸಹಿ ಹಾಕಿದರು. ರಿವ್ಯೂನಲ್ಲಿ ಆ ಪುಟವನ್ನು ಅವರೇ ಎದ್ದು ಓದಿದರು. ಮುಂದಿನ ಹಂತದ ಹಣ ನಮಗೆ ಸಿಗಲಿಲ್ಲ. ಇಬ್ಬರು ಕೆಲಸ ಬಿಟ್ಟರು. ಉಳಿದ ನಾಲ್ವರು ಹೊದಿಕೆ ಮತ್ತು ತಳದ ಪ್ರಯೋಗಗಳನ್ನೇ ಮುಂದುವರಿಸಿದೆವು.

ರಿವ್ಯೂ ಮುಗಿದ ವಾರ ಕೆಂಗೇರಿಯ ಅಪಾರ್ಟ್‌ಮೆಂಟಿನ ಸಂಘದ ಸಭೆಗೆ ಹೋದೆ. ಭಾನುವಾರ, ಹನ್ನೊಂದು ಗಂಟೆ. ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಕೆಲವರು ಸಿಟ್ಟಾದರು, ಅವರ ಸಿಟ್ಟು ಸರಿಯಾಗಿಯೇ ಇತ್ತು. ಫ್ಯಾನ್ ಅಷ್ಟರಲ್ಲಿ ಹೊಸದು ಬಂದಿತ್ತು. ಪಂಪನ್ನು ಸರಪಳಿಯಿಂದ ಮೇಲೆತ್ತುವ ರಾಟೆ ಹಾಕಿಸುವುದೆಂದೂ, ಇನ್ನು ಯಾರೂ ಯಾವ ಕಾರಣಕ್ಕೂ ಇಳಿಯುವುದಿಲ್ಲವೆಂದೂ ತೀರ್ಮಾನವಾಯಿತು. ಆಪರೇಟರ್ ಕೊನೆಯ ಸಾಲಿನ ಹಿಂದೆ ಗೋಡೆಗೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡರು.

ಸಭೆ ಮುಗಿದ ಮೇಲೆ ನನ್ನ ಜೊತೆ ಗೇಟಿನವರೆಗೆ ನಡೆದು ಬಂದರು.

"ಮೇಡಂ, ಒಂದು ಕೇಳ್ಬೇಕಿತ್ತು. ಫ್ಯಾನ್ ಸುಟ್ಟ ಮೇಲೆ ನಾನು ಒಂದ್ಸಲ ಇಳಿದಿದ್ದೆ. ಆವತ್ತು ನೀವು ಓಡಿ ಬರೋಕೆ ಎರಡು ದಿನ ಮುಂಚೆ."

ನಾನು ನಿಂತುಬಿಟ್ಟೆ.

"ಮುಚ್ಚಳ ತೆಗೆದಾಗ ಮೊಟ್ಟೆ ವಾಸನೆ ಗಪ್ಪಂತ ಹೊಡೀತು. ನಾಲ್ಕು ಮೆಟ್ಲು ಇಳಿಯೋಷ್ಟರಲ್ಲಿ ವಾಸನೆ ಪೂರ್ತಿ ಹೋಯ್ತು. ಸರಿ, ದೀಪಾನೂ ಹಸಿರು, ವಾಸನೆನೂ ಇಲ್ಲ, ಕ್ಲಿಯರ್ ಆಯ್ತು ಅಂದ್ಕೊಂಡೆ. ಅಷ್ಟರಲ್ಲಿ ಯಾಕೋ ತಲೆ ಸುತ್ತಿದಂಗಾಯ್ತು. ತಿಂಡಿ ತಿಂದಿಲ್ಲ ಅಂತ ಮೇಲೆ ಬಂದು ಕೂತೆ. ಆವತ್ತು ಗ್ಯಾಸ್ ಇರ್ಲಿಲ್ಲ ಅಲ್ವಾ?"

ಅವರ ಮುಖದಲ್ಲಿ ನನ್ನಿಂದ ಒಂದು ಉತ್ತರ ಬೇಕಿತ್ತು. ಇರಲಿಲ್ಲ ಅಣ್ಣ ಎಂದುಬಿಡಬಹುದಿತ್ತು. ಹೇಗೂ ಇನ್ನು ಯಾರೂ ಇಳಿಯುವುದಿಲ್ಲ. ಆದರೆ ಹಸಿರು ದೀಪ ತೋರಿಸಿ ಒಂದು ಸಲ ಅವರ ಭಯ ಕಳೆದಿದ್ದೆ, ಅದು ಸುಳ್ಳಾಗಿತ್ತು.

"ವಾಸನೆ ಹೋಗಿರ್ಲಿಲ್ಲ ಅಣ್ಣ. ಆ ಗ್ಯಾಸ್ ಜಾಸ್ತಿ ಆದಾಗ ಮೂಗು ಸತ್ತೋಗತ್ತೆ, ವಾಸನೆ ಗೊತ್ತಾಗಲ್ಲ. ಆಮೇಲೆ ತಲೆ ಸುತ್ತತ್ತೆ. ಆಮೇಲೆ..."

ಅವರು ಫುಟ್‌ಪಾತಿನ ಅಂಚಿಗೆ ಕೂತುಬಿಟ್ಟರು. ಎರಡು ಅಂಗೈಯನ್ನೂ ತಿರುಗಿಸಿ ನೋಡಿಕೊಂಡರು.

"ಇನ್ನೆರಡು ಮೆಟ್ಲು ಇಳಿದಿದ್ರೆ?"

"ಮೇಲೆ ಬರ್ತಿರ್ಲಿಲ್ಲ ಅಣ್ಣ." ತಪ್ಪಾಯ್ತು ಎಂದೆ. ಅವರು ಅದಕ್ಕೆ ಪರವಾಗಿಲ್ಲ ಎನ್ನಲಿಲ್ಲ. ಜೇಬಿನಿಂದ ಫೋನ್ ತೆಗೆದು ಮನೆಗೆ ಮಾಡಿದರು.

"ಅಡುಗೆ ಆಯ್ತಾ?... ಏನಿಲ್ಲ. ಊಟಕ್ಕೆ ಮನೆಗೇ ಬರ್ತೀನಿ... ಏನೂ ಆಗಿಲ್ಲ ಕಣೇ, ಸುಮ್ನೆ. ಬರ್ತೀನಿ ಅಂದ್ನಲ್ಲ... ಫೋನ್ ಇಡಬೇಡ. ಸ್ವಲ್ಪ ಮಾತಾಡ್ತಾ ಇರು."